ಹೊಸ ಸ್ಪೋರ್ಟ್ಸ್ ಕಾರಿಗೆ ಅಪರೂಪದ ಬಣ್ಣ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ 14 ವರ್ಷದಿಂದ ಕಾರುಗಳಿಗೆ ಬಣ್ಣ ಹೊಡೆಯುವ, ಪಾಲಿಶ್ ಮಾಡುವ ಕೆಲಸ ನನ್ನದು. ಮೊದಲೆಲ್ಲ ನಮ್ಮಲ್ಲಿಗೆ ಬರುತ್ತಿದ್ದದ್ದು ಜೀಪು, ಪಿಕಪ್, ಬಿಳಿ ಕಾರು. ಈಗ ತೋಟದ ಮನೆಗಳಿಂದ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗ ಹುಡುಗಿಯರಿಂದ ಸ್ಪೋರ್ಟ್ಸ್ ಕಾರುಗಳೂ ಬರುತ್ತಿವೆ. ಬುಕ್ ಮಾಡುವ ಮೊದಲು ಫೋನ್ ಮಾಡಿ "ಅಣ್ಣಾ, ಈ ಬಣ್ಣ ತಗೊಳ್ಳಲಾ ಬೇಡವಾ" ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಎಲ್ಲರಿಗೂ ಹೇಳುವ ಉತ್ತರಗಳನ್ನು ಇಲ್ಲಿ ಒಂದೇ ಕಡೆ ಬರೆದಿದ್ದೇನೆ. ನಮ್ಮ ಕಡೆಯ ಮಳೆ, ಮಂಜು, ಕೆಮ್ಮಣ್ಣು, ಮರದ ನೆರಳು ಎಲ್ಲ ಲೆಕ್ಕ ಹಾಕಿ ಬರೆದದ್ದು. ಮೂಡಿಗೆರೆ, ಸಕಲೇಶಪುರ, ಹಾಸನದವರಿಗೂ ಹೊಂದುತ್ತದೆ.

ಬಿಳಿ, ಕಪ್ಪು, ಬೂದು ಇರುವಾಗ ಬೇರೆ ಬಣ್ಣ ಯಾಕೆ ಬೇಕು?

ಬೇಕೇ ಬೇಕು ಅಂತ ಇಲ್ಲ. ಆದರೆ ಸ್ಪೋರ್ಟ್ಸ್ ಕಾರಿಗೂ ಗಾಢ ಬಣ್ಣಕ್ಕೂ ಇರುವ ನಂಟು ಇವತ್ತಿನದಲ್ಲ. ಹಿಂದೆ ರೇಸಿನಲ್ಲಿ ಬಣ್ಣ ನೋಡಿಯೇ ಕಾರು ಯಾವ ದೇಶದ್ದು ಅಂತ ಗುರುತಿಸುತ್ತಿದ್ದರು. ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಜರ್ಮನಿಗೆ ಮೊದಲು ಬಿಳಿ, ಆಮೇಲೆ ಬೆಳ್ಳಿ. 1903ರಲ್ಲಿ ಗಾರ್ಡನ್ ಬೆನೆಟ್ ಕಪ್ ರೇಸು ಐರ್ಲೆಂಡಿನಲ್ಲಿ ನಡೆಯಿತು. ಬ್ರಿಟನ್ನಿನ ಕಾರುಗಳು ಅಲ್ಲಿ ಹಸಿರು ಬಳಿದುಕೊಂಡು ಓಡಿದವು. ಬ್ರಿಟಿಷ್ ರೇಸಿಂಗ್ ಗ್ರೀನ್ ಅನ್ನುವ ಹೆಸರಿನ ಬೇರು ಅಲ್ಲಿದೆ. ಫೆರಾರಿ ಅಂದರೆ ಎಲ್ಲರಿಗೂ ಕೆಂಪು ನೆನಪಾಗುತ್ತದೆ. ಆದರೆ ಅದರ ಲಾಂಛನದಲ್ಲಿ ಕುದುರೆಯ ಹಿಂದಿರುವುದು ಹಳದಿ, ಮೊಡೆನಾ ಊರಿನ ಬಣ್ಣ. 1966ರಲ್ಲಿ ಬಂದ ಲ್ಯಾಂಬೋರ್ಗಿನಿ ಮಿಯುರಾ ಕಿತ್ತಳೆಯಲ್ಲೂ ಎಳೆ ಹಸಿರಿನಲ್ಲೂ ರಸ್ತೆಗಿಳಿಯಿತು. 1990ರ ದಶಕದ ಶುರುವಿನಲ್ಲಿ ಪೋರ್ಷೆ ತನ್ನ 911ರ ಆರ್‌ಎಸ್ ಕಾರಿಗೆ ರೂಬಿಸ್ಟೋನ್ ಅನ್ನುವ ಗುಲಾಬಿ ಕೆಂಪು ಕೊಟ್ಟಿತ್ತು. ಇವತ್ತಿಗೂ ಜನ ಅದನ್ನು ಹುಡುಕುತ್ತಾರೆ.

ಇನ್ನೊಂದು ಮಾತು. ಈ ಕಾರುಗಳ ಮೈಯಲ್ಲಿ ಉಬ್ಬು, ತಗ್ಗು, ಏಣು ಜಾಸ್ತಿ. ಕಡು ಕಪ್ಪಿನಲ್ಲಿ ಅರ್ಧ ಗೆರೆಗಳು ಮುಚ್ಚಿಹೋಗುತ್ತವೆ. ಹಳದಿ, ಕಿತ್ತಳೆ, ತಿಳಿ ನೀಲಿಯಲ್ಲಿ ಒಂದೊಂದು ಗೆರೆಯೂ ಕಾಣುತ್ತದೆ. ಅಷ್ಟು ದುಡ್ಡು ಕೊಡುವುದೇ ಆ ಮೈಕಟ್ಟಿಗೆ ಅಲ್ವಾ?

ನಾನು ಕೇಳಿದ ಬಣ್ಣ ಕಂಪನಿಯವರು ಕೊಡುತ್ತಾರಾ?

ಅದು ಯಾವ ಕಾರು ಅನ್ನುವುದರ ಮೇಲೆ ಹೋಗುತ್ತದೆ. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಥರದ ಕಾರುಗಳು 2025ರಲ್ಲಿ ಹೊರದೇಶದಿಂದ ಸ್ವಲ್ಪವೇ ಸಂಖ್ಯೆಯಲ್ಲಿ ಬಂದವು. ಅಂಥವುಗಳಲ್ಲಿ ತಂದಿರುವ ನಾಲ್ಕೈದು ಬಣ್ಣಗಳಲ್ಲೇ ಆರಿಸಬೇಕು. ಆಕ್ಟೇವಿಯಾದಲ್ಲಿ ಮಾಂಬಾ ಗ್ರೀನ್ ಇತ್ತು. ಅದನ್ನು ಹಿಡಿದವರು ಪುಣ್ಯವಂತರು.

ಪೋರ್ಷೆ, ಬಿಎಂಡಬ್ಲ್ಯು ಎಂ ಕಾರುಗಳು, ಲ್ಯಾಂಬೋರ್ಗಿನಿ ಥರದವುಗಳಲ್ಲಿ ಮೂರು ಮೆಟ್ಟಿಲು ಇರುತ್ತವೆ. ಹೆಚ್ಚಿಗೆ ದುಡ್ಡಿಲ್ಲದ ಮಾಮೂಲಿ ಬಣ್ಣ ಒಂದು. ಹೆಚ್ಚು ದುಡ್ಡಿಗೆ ಕೊಡುವ ವಿಶೇಷ ಬಣ್ಣ ಇನ್ನೊಂದು. ಮೂರನೆಯದು ನಿಮಗಾಗಿಯೇ ಆರ್ಡರ್ ಮೇಲೆ ಹೊಡೆಯುವ ಬಣ್ಣ. ಪೋರ್ಷೆಯವರು ಇದನ್ನು 'ಪೇಂಟ್ ಟು ಸ್ಯಾಂಪಲ್' ಅಂತ ಕರೆಯುತ್ತಾರೆ. ಹಳೆಯ ಕಾಲದ ಸಿಗ್ನಲ್ ಗ್ರೀನ್, ರಿವಿಯೇರಾ ಬ್ಲೂ ಎಲ್ಲ ಅದರಲ್ಲಿ ಮತ್ತೆ ಸಿಗುತ್ತವೆ. ದುಡ್ಡೂ ಜಾಸ್ತಿ, ಕಾಯುವುದೂ ಜಾಸ್ತಿ.

ತೆರಿಗೆಯನ್ನು ಮರೆಯಬೇಡಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಬಣ್ಣದ ಬೆಲೆ ಕಾರಿನ ಬಿಲ್‌ಗೆ ಸೇರಿದರೆ ಅದಕ್ಕೂ ಈ ಲೆಕ್ಕ ಬೀಳುತ್ತದೆ. ಶೋರೂಮಿನವರು ಬಣ್ಣದ ಬೆಲೆ ಹೇಳಿದಾಗ "ಆನ್ ರೋಡ್ ಎಷ್ಟಾಗುತ್ತದೆ" ಅಂತಲೇ ಕೇಳಿ.

ಮೊಬೈಲಿನಲ್ಲಿ ನೋಡಿ ಬಣ್ಣ ಆರಿಸಿದರೆ ಆಗುವುದಿಲ್ಲವಾ?

ಆಗುವುದಿಲ್ಲ. ನನ್ನ ಹತ್ತಿರ ಬೇಜಾರು ಮಾಡಿಕೊಂಡು ಬಂದವರಲ್ಲಿ ಹೆಚ್ಚಿನವರು ಪರದೆ ನೋಡಿ ಬುಕ್ ಮಾಡಿದವರು. ಒಂದೊಂದು ಫೋನಿನಲ್ಲಿ ಒಂದೊಂದು ಬಣ್ಣ ಕಾಣುತ್ತದೆ. ವೆಬ್‌ಸೈಟಿನ ಚಿತ್ರದಲ್ಲಿರುವ ಬೆಳಕು ನಮ್ಮೂರಿನ ಬೆಳಕಲ್ಲ.

ನಮ್ಮದು ಒಂದೇ ಜಿಲ್ಲೆಯಾದರೂ ಬೆಳಕು ಎರಡು ಥರ. ಕಡೂರು, ತರೀಕೆರೆ ಕಡೆ ಬಯಲು. ಬಿಸಿಲು ನೆತ್ತಿಯ ಮೇಲೆ ಬೀಳುತ್ತದೆ. ಅಲ್ಲಿ ಲೋಹದ ಪುಡಿ ಇರುವ ಬಣ್ಣ ಮಿಂಚುತ್ತದೆ, ಕಡು ನೀಲಿ ಜೀವ ತುಂಬಿಕೊಳ್ಳುತ್ತದೆ. ಅದೇ ಕಾರನ್ನು ಆಲ್ದೂರು, ಬಾಳೆಹೊನ್ನೂರು ಕಡೆಯ ತೋಟದ ರಸ್ತೆಗೆ ತಂದರೆ ಮೇಲೆ ಸಿಲ್ವರ್ ಓಕ್, ಅತ್ತಿ, ಹಲಸು. ಸುತ್ತ ಎಲ್ಲ ಹಸಿರು. ಬೆಳಕೇ ಹಸಿರಾಗಿ ಬರುತ್ತದೆ. ಆ ನೆರಳಿನಲ್ಲಿ ಕಡು ನೀಲಿ ಕಪ್ಪಾಗಿ ಕಾಣುತ್ತದೆ. ಬ್ರಿಟಿಷ್ ರೇಸಿಂಗ್ ಗ್ರೀನ್ ಕೂಡ ಕಪ್ಪೇ. ತಿಳಿ ಬಣ್ಣಗಳು, ಹಳದಿ, ಕಿತ್ತಳೆ ಮಾತ್ರ ತಮ್ಮ ಬಣ್ಣ ಬಿಟ್ಟುಕೊಡುವುದಿಲ್ಲ. ನಿಮ್ಮ ಕಾರು ದಿನಾ ಎಲ್ಲಿ ನಿಲ್ಲುತ್ತದೆ, ಎಲ್ಲಿ ಓಡುತ್ತದೆ ಅಂತ ಮೊದಲು ಯೋಚಿಸಿ.

ಮಾಡಬೇಕಾದ್ದು ಇಷ್ಟು. ಶೋರೂಮಿನವರ ಹತ್ತಿರ ಬಣ್ಣದ ಸ್ಯಾಂಪಲ್ ತಗಡು ಇರುತ್ತದೆ. ಕೇಳಿ ಪಡೆಯಿರಿ. ದೀಪದ ಕೆಳಗೆ ನೋಡಬೇಡಿ, ಹೊರಗೆ ತನ್ನಿ. ಎರಡು ಬಣ್ಣ ಶೋರೂಮಿನ ಎಲ್‌ಇಡಿ ಬೆಳಕಿನಲ್ಲಿ ಒಂದೇ ಥರ ಕಂಡು, ಬಿಸಿಲಿನಲ್ಲಿ ಬೇರೆ ಬೇರೆ ಆಗುವುದು ನಾವು ದಿನಾ ನೋಡುವ ಸಂಗತಿ. ಸೀರೆ ಅಂಗಡಿಯಲ್ಲಿ ಅಮ್ಮಂದಿರು ಸೆರಗನ್ನು ಬಾಗಿಲ ಹತ್ತಿರ ಹಿಡಿದು ನೋಡುತ್ತಾರಲ್ಲ, ಅದೇ ಜಾಣತನ ಇಲ್ಲೂ ಬೇಕು. ಬೆಳಿಗ್ಗೆ, ನಡು ಮಧ್ಯಾಹ್ನ, ಸಂಜೆ, ಮೋಡ ಕವಿದಾಗ, ನಾಲ್ಕು ಹೊತ್ತು ನೋಡಿ. ತಗಡನ್ನು ವಾಲಿಸಿ, ಓರೆಯಾಗಿ ಹಿಡಿದು ನೋಡಿ. ಚಿಕ್ಕ ತುಂಡಿನಲ್ಲಿ ಕಾಣುವುದಕ್ಕಿಂತ ಇಡೀ ಕಾರಿನ ಮೇಲೆ ಬಣ್ಣ ತಿಳಿಯಾಗಿ, ಜೋರಾಗಿ ಕಾಣುತ್ತದೆ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಆಗುವುದಾದರೆ ಅದೇ ಬಣ್ಣದ ಕಾರು ಎಲ್ಲಿದೆ ಅಂತ ವಿಚಾರಿಸಿ, ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಕಣ್ಣಾರೆ ನೋಡಿ. ಒಂದು ದಿನ ಹೋಗುತ್ತದೆ. ಹೋಗಲಿ.

ಚಾರ್ಮಾಡಿಯ ಮಂಜಿನಲ್ಲಿ ಯಾವ ಬಣ್ಣ ಚೆನ್ನಾಗಿ ಕಾಣುತ್ತದೆ?

ಇದು ನನಗೆ ತುಂಬ ಇಷ್ಟದ ಪ್ರಶ್ನೆ. ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವವರು, ಮುಳ್ಳಯ್ಯನಗಿರಿ ಹತ್ತುವವರು ಇದನ್ನು ಯೋಚಿಸಲೇಬೇಕು.

ಬೂದು, ಬೆಳ್ಳಿ, ಬಿಳಿ ಮಂಜಿನಲ್ಲಿ ಕರಗಿಹೋಗುತ್ತವೆ. ಮಂಜೂ ಅದೇ ಬಣ್ಣ, ಒದ್ದೆ ರಸ್ತೆಯೂ ಅದೇ ಬಣ್ಣ. ಈಗ ಫ್ಯಾಷನ್ ಆಗಿರುವ ಹೊಳಪಿನ ಪುಡಿಯಿಲ್ಲದ ಬೂದು, ಆಡಿಯ ನಾರ್ಡೋ ಗ್ರೇ ಥರದ್ದು, ನೋಡಲು ಚೆಂದ. ಬೇಲೂರಿನ ಬಳಪದ ಕಲ್ಲಿನ ಹಾಗೆ ತಣ್ಣಗಿದೆ. ಆದರೆ ನನ್ನ ಮಾತು ಕೇಳಿದರೆ ಘಾಟಿಯಲ್ಲಿ ದಿನಾ ಓಡಾಡುವವರು ಅದನ್ನು ಬಿಡಿ.

ಕೆಂಪು ಎದ್ದು ಕಾಣುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ಹಗಲಿಗೆ ಅದು ನಿಜ. ಸಂಜೆಗೆ ಅಲ್ಲ. ಹಗಲಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿ ಹಿಡಿಯುವುದು ಹಳದಿ ಹಸಿರನ್ನು, ಅಲೆಯುದ್ದದ ಲೆಕ್ಕದಲ್ಲಿ ಸುಮಾರು 555 ನ್ಯಾನೋಮೀಟರ್. ಬೆಳಕು ಕುಗ್ಗಿದಾಗ ಅದು 507ರ ಹತ್ತಿರಕ್ಕೆ, ಅಂದರೆ ನೀಲಿ ಹಸಿರಿನ ಕಡೆಗೆ ಜಾರುತ್ತದೆ. ಆಗ ಕೆಂಪು ಕಪ್ಪಾಗುತ್ತದೆ. 19ನೇ ಶತಮಾನದಲ್ಲಿ ಪುರ್ಕಿನ್ಯೆ ಅನ್ನುವ ಚೆಕ್ ವಿಜ್ಞಾನಿ ಹೂಗಳನ್ನು ನೋಡುತ್ತಲೇ ಇದನ್ನು ಗಮನಿಸಿದ. ನಿಮ್ಮ ಅಂಗಳದಲ್ಲೂ ನೋಡಬಹುದು. ಮುಸ್ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆಂಪು ದಾಸವಾಳ ಕಪ್ಪಗಾಗಿರುತ್ತದೆ, ಅದರ ಎಲೆ ಮಾತ್ರ ಇನ್ನೂ ತಿಳಿಯಾಗಿ ಕಾಣುತ್ತಿರುತ್ತದೆ. ಕಾರಿಗೂ ಅದೇ ಆಗುತ್ತದೆ.

ಹಾಗಾಗಿ ನಮ್ಮ ಘಾಟಿಗೆ ಹಳದಿ, ನಿಂಬೆ ಹಸಿರು, ತಿಳಿ ನೀಲಿ, ಕಿತ್ತಳೆ ಒಳ್ಳೆಯವು. ಆದರೆ ಮಂಜಿನಲ್ಲಿ ಜೀವ ಉಳಿಸುವುದು ದೀಪ ಮತ್ತು ನಿಧಾನ. ಬಣ್ಣದ ಸಹಾಯ ಅದರ ನಂತರ. ಹಳದಿ ಕಾರು ಇದೆ ಅಂತ ತಿರುವಿನಲ್ಲಿ ಓವರ್‌ಟೇಕ್ ಮಾಡಬೇಡಿ.

ಸಾಲಿಡ್, ಮೆಟಾಲಿಕ್, ಪರ್ಲ್, ಟ್ರೈಕೋಟ್. ಏನಿದು?

ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪದರ. ಅದರ ಮೇಲೆ ಪ್ರೈಮರ್. ಆಮೇಲೆ ಬಣ್ಣ, ಅದು ಬೇಸ್ ಕೋಟ್. ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ನೀವು ಲಕ್ಷಗಟ್ಟಲೆ ಕೊಡುವ ಬಣ್ಣ ಎರಡು ಕೂದಲಿನಷ್ಟು ದಪ್ಪ. ಅದರಲ್ಲೂ ಬಣ್ಣದ ಪದರ ಇನ್ನೂ ತೆಳು. ಹೊಳಪೆಲ್ಲ ಇರುವುದು ಕ್ಲಿಯರ್ ಕೋಟ್‌ನಲ್ಲಿ.

ಬೇಸ್ ಕೋಟ್‌ನಲ್ಲಿ ಬರೀ ಬಣ್ಣದ ಪುಡಿ ಇದ್ದರೆ ಸಾಲಿಡ್. ಅಲ್ಯೂಮಿನಿಯಂ ಚೂರು ಸೇರಿದರೆ ಮೆಟಾಲಿಕ್. ಅಭ್ರಕದ ಚೂರಿಗೆ ತೆಳುವಾದ ಲೇಪ ಕೊಟ್ಟು ಸೇರಿಸಿದರೆ ಪರ್ಲ್. ಇದು ನೋಡುವ ಕೋನ ಬದಲಾದಂತೆ ಬಣ್ಣ ಬದಲಿಸುತ್ತದೆ, ನವಿಲಿನ ಕತ್ತಿನ ಹಾಗೆ. ಟ್ರೈಕೋಟ್ ಅಂದರೆ ಬೇಸ್ ಮತ್ತು ಕ್ಲಿಯರ್ ನಡುವೆ ಇನ್ನೊಂದು ಪಾರದರ್ಶಕ ಬಣ್ಣದ ಪದರ. ಬೆಳಕು ಒಳಗೆ ಹೋಗಿ, ತಳದಲ್ಲಿ ಹೊಳೆದು, ಆ ಪದರದ ಮೂಲಕ ಹಿಂದೆ ಬರುತ್ತದೆ. ಮಾಜ್ದಾದವರ ಸೋಲ್ ರೆಡ್ ಕ್ರಿಸ್ಟಲ್ ಇದಕ್ಕೆ ಒಳ್ಳೆಯ ಉದಾಹರಣೆ. ಬೆಲ್ಲದ ಪಾಕದ ಆಳ ಇರುತ್ತದೆ ಅದಕ್ಕೆ.

ನನ್ನ ಸಲಹೆ: ಅಪರೂಪದ ಬಣ್ಣ ಬೇಕು, ಆದರೆ ಊರಿನ ರಸ್ತೆಯಲ್ಲೇ ಓಡಿಸುತ್ತೀರಿ ಅಂದರೆ ಸಾಲಿಡ್ ತೆಗೆದುಕೊಳ್ಳಿ. ಮೋಡದಲ್ಲೂ ಬಿಸಿಲಲ್ಲೂ ಅದರ ಬಣ್ಣ ಹೆಚ್ಚು ಕಡಿಮೆ ಅದೇ. ಪೆಟ್ಟು ಬಿದ್ದರೆ ಸರಿಮಾಡುವುದೂ ಸುಲಭ. ಟ್ರೈಕೋಟ್ ಚೆಂದಕ್ಕೆ ಸಾಟಿಯಿಲ್ಲ. ಆದರೆ ಒಂದು ಬಂಪರ್ ಗೀಚಿದರೆ ಮೂರೂ ಪದರ ಅದೇ ದಪ್ಪದಲ್ಲಿ ಬರಬೇಕು. ನಡುವಿನ ಪದರ ಒಂದು ಸಲ ಜಾಸ್ತಿ ಹೊಡೆದರೆ ಬಣ್ಣ ಕಡುವಾಗುತ್ತದೆ, ಒಂದು ಸಲ ಕಡಿಮೆಯಾದರೆ ತಿಳಿಯಾಗುತ್ತದೆ. ಇಷ್ಟು ವರ್ಷ ಕೆಲಸ ಮಾಡಿದ ಮೇಲೂ ಟ್ರೈಕೋಟ್ ಹಿಡಿಯುವಾಗ ನಾನು ಮೊದಲು ಮೂರು ನಾಲ್ಕು ಸ್ಯಾಂಪಲ್ ತಗಡು ಹೊಡೆದು ನೋಡುತ್ತೇನೆ.

ಮ್ಯಾಟ್ ಬಣ್ಣ ನಮ್ಮೂರಿಗೆ ಸರಿಹೋಗುತ್ತದಾ?

ಬೇಡ. ಮ್ಯಾಟ್ ಅಂದರೆ ಕ್ಲಿಯರ್ ಕೋಟ್‌ನ ಮೇಲ್ಮೈಯನ್ನೇ ಒರಟಾಗಿ ಮಾಡಿರುತ್ತಾರೆ, ಬೆಳಕು ಚದುರಲಿ ಅಂತ. ಅದನ್ನು ಪಾಲಿಶ್ ಮಾಡುವ ಹಾಗಿಲ್ಲ. ಉಜ್ಜಿದ ಜಾಗ ಹೊಳೆಯಲು ಶುರುವಾಗುತ್ತದೆ, ಆಮೇಲೆ ಹಿಂದಕ್ಕೆ ಬರುವುದಿಲ್ಲ. ಒಂದು ಹಕ್ಕಿ ಹಿಕ್ಕೆಯ ಕಲೆ ಉಳಿದರೆ ಇಡೀ ಬಾನೆಟ್ ಮತ್ತೆ ಹೊಡೆಯಬೇಕು. ಮ್ಯಾಟ್ ನೋಟವೇ ಬೇಕು ಅನ್ನುವವರು ಹೊಳಪಿನ ಬಣ್ಣ ತೆಗೆದುಕೊಂಡು ಮೇಲೆ ಮ್ಯಾಟ್ ಪಿಪಿಎಫ್, ಅಂದರೆ ಬಣ್ಣ ಕಾಯುವ ಅಂಟುಹಾಳೆ, ಹಾಕಿಸಿ. ಬೇಸರವಾದರೆ ತೆಗೆಯಬಹುದು.

ಕೆಂಪು ಬೇಗ ಮಾಸುತ್ತದೆ ಅಂತಾರೆ. ನಿಜವಾ?

ಹಿಂದೆ ನಿಜ ಇತ್ತು. ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಎಷ್ಟು ವರ್ಷವಾದರೂ ಕೆಂಪಾಗೇ ಇರುತ್ತದೆ, ಯಾಕೆಂದರೆ ಅದು ಕಬ್ಬಿಣದ ಆಕ್ಸೈಡ್. ಬಿಸಿಲು ಅದನ್ನು ಏನೂ ಮಾಡುವುದಿಲ್ಲ. ಆದರೆ ಆ ಕೆಂಪು ಇಟ್ಟಿಗೆ ಬಣ್ಣದ್ದು. ಕಾರಿಗೆ ಬೇಕಾದ ಉರಿಗೆಂಪು ಬರುವುದು ಬೇರೆ ಜಾತಿಯ ಪುಡಿಯಿಂದ. ಹಳೆಯ ಕಾಲದ ಅಂಥ ಪುಡಿಗಳು ಬಿಸಿಲಿಗೆ ಸೋತು ಗುಲಾಬಿಯಾಗುತ್ತಿದ್ದವು. ಮೇಲೆ ಕ್ಲಿಯರ್ ಕೋಟ್ ಕೂಡ ಇರುತ್ತಿರಲಿಲ್ಲ. ಈಗ ಪುಡಿಯೂ ಸುಧಾರಿಸಿದೆ, ಕ್ಲಿಯರ್ ಕೋಟ್‌ನಲ್ಲಿ ಅತಿನೇರಳೆ ಕಿರಣ ತಡೆಯುವ ಅಂಶವೂ ಇರುತ್ತದೆ. ನೆರಳಿನಲ್ಲಿ ನಿಲ್ಲಿಸುವ ಕಾರಿನ ಕೆಂಪು ಹತ್ತು ವರ್ಷಕ್ಕೂ ಚೆನ್ನಾಗಿರುವುದನ್ನು ನೋಡಿದ್ದೇನೆ.

ಕೆಮ್ಮಣ್ಣು ಯಾವ ಬಣ್ಣದ ಮೇಲೆ ಜಾಸ್ತಿ ಕಾಣುತ್ತದೆ?

ಕೆಮ್ಮಣ್ಣುಗುಂಡಿ ಅನ್ನುವ ಹೆಸರೇ ಹೇಳುತ್ತದೆ ನಮ್ಮ ಮಣ್ಣು ಎಂಥದ್ದು ಅಂತ. ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗುತ್ತಿದ್ದದ್ದು ಅಲ್ಲಿಂದಲೇ. ಈ ಮಣ್ಣು ಬಿಳಿಯ ಮೇಲೆ ಎದ್ದು ಕಾಣುತ್ತದೆ. ಕಪ್ಪಿನ ಮೇಲೆ ಇನ್ನೂ ಜಾಸ್ತಿ, ಒಣಗಿದಾಗ ತಿಳಿ ಕಂದು ಪುಡಿಯಾಗಿ ಕೂರುತ್ತದೆ. ತಿಳಿ ನೀಲಿ, ನೇರಳೆ ಮೇಲೂ ಕಷ್ಟ. ಕಿತ್ತಳೆ, ತಾಮ್ರದ ಬಣ್ಣ, ಸಾಸಿವೆ ಹಳದಿ, ಕಂದು ಇವುಗಳ ಜೊತೆ ಮಣ್ಣು ಬೆರೆತುಹೋಗುತ್ತದೆ. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನಮ್ಮ ತೋಟದ ರಸ್ತೆಗಳಲ್ಲಿ ನಡೆದಾಗ ನಿಂತು ನೋಡಿದವರಿಗೆ ಗೊತ್ತು. ಬೆಳಿಗ್ಗೆ ಬಣ್ಣ ಬಣ್ಣವಾಗಿ ಹೊರಟ ಕಾರುಗಳೆಲ್ಲ ಸಂಜೆಗೆ ಒಂದೇ ಬಣ್ಣ.

ಒಣಗಿದ ಮಣ್ಣನ್ನು ಬಟ್ಟೆಯಲ್ಲಿ ಒರೆಸಬೇಡಿ. ಮರಳು ಕಾಗದ ಉಜ್ಜಿದ ಹಾಗೆ ಆಗುತ್ತದೆ. ಮೊದಲು ನೀರು ಬಿಟ್ಟು ನೆನೆಸಿ, ಮಣ್ಣು ತಾನಾಗಿ ಇಳಿಯಲಿ.

ಕಾರು ತೋಟದಲ್ಲೇ ನಿಲ್ಲಿಸುತ್ತೇವೆ. ಏನು ಎಚ್ಚರ ಬೇಕು?

ಮೊದಲ ಎಚ್ಚರ ಬೋರ್ಡೋ ಸಿಂಪಡಣೆ. ಮಳೆಗಾಲಕ್ಕೆ ಮುಂಚೆ ಕಾಫಿಗೂ ಮೆಣಸಿನ ಬಳ್ಳಿಗೂ ಅಡಿಕೆಗೂ ಹೊಡೆಯುತ್ತೇವಲ್ಲ, ಮೈಲುತುತ್ತ ಮತ್ತು ಸುಣ್ಣದ ನೀರು. ಗಾಳಿಗೆ ಹನಿ ತೇಲಿ ಕಾರಿನ ಮೇಲೆ ಕೂತು ಒಣಗಿದರೆ ನೀಲಿ ಬಿಳಿ ಚುಕ್ಕೆ ಬೀಳುತ್ತದೆ. ಹಳದಿ ಕಾರೊಂದು ಹಾಗೆ ನನ್ನ ಹತ್ತಿರ ಬಂದಿತ್ತು. ಮಾಲೀಕರು ಸಿಂಪಡಣೆಯಾದ ಒಂದು ವಾರದ ಮೇಲೆ ನೋಡಿದ್ದಾರೆ. "ಏನ್ ಮಾರಾಯ್ರೆ, ಕಾರಿಗೂ ಔಷಧಿ ಹೊಡೆದ ಹಾಗಾಯ್ತಲ್ಲ" ಅಂತ ಅವರಿಗೆ ತುಂಬ ಬೇಜಾರು. ಎರಡು ದಿನ ಕೂತು ತೆಗೆದೆವು. ಸಿಂಪಡಣೆಯ ದಿನ ಕಾರನ್ನು ದೂರ ನಿಲ್ಲಿಸಿ. ಬಿದ್ದರೆ ಒಣಗುವ ಮೊದಲೇ ಜಾಸ್ತಿ ನೀರು ಹಾಕಿ ತೊಳೆಯಿರಿ.

ಹಕ್ಕಿ ಹಿಕ್ಕೆ, ಹಲಸಿನ ಮೇಣ, ಮರದ ಅಂಟು ಕೂಡ ಕ್ಲಿಯರ್ ಕೋಟನ್ನು ತಿನ್ನುತ್ತವೆ. ಬಿಸಿಲು ಬಿದ್ದರೆ ಇನ್ನೂ ಬೇಗ. ಕಂಡ ತಕ್ಷಣ ಒದ್ದೆ ಬಟ್ಟೆ ಹೊದಿಸಿ ನೆನೆಸಿ ತೆಗೆಯಿರಿ, ಕೆರೆಯಬೇಡಿ. ಮಳೆ ನೀರಿನಿಂದ ಭಯವಿಲ್ಲ. ಬೋರ್‌ವೆಲ್ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಲು ಬಿಟ್ಟರೆ ಬಿಳಿ ಕಲೆ ಉಳಿಯುತ್ತದೆ. ಕಡು ಬಣ್ಣದಲ್ಲಿ ಅದು ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ಒಳಗೆ ತೇವ ನಿಂತು ಬೂಸ್ಟು ಬರುತ್ತದೆ. ಗಾಳಿಯಾಡುವ ಶೆಡ್ಡು ಸಾಕು.

ಆಯುಧಪೂಜೆಗೆ ಅರಿಶಿನ ಕುಂಕುಮ ಹಚ್ಚಿದರೆ ಬಣ್ಣ ಹಾಳಾಗುತ್ತದಾ?

ಪೂಜೆ ನಿಲ್ಲಿಸಬೇಕಾಗಿಲ್ಲ, ಜಾಗ ನೋಡಿ ಹಚ್ಚಿದರೆ ಸಾಕು. ಅಂಗಡಿಯ ಕುಂಕುಮದಲ್ಲಿ ರಾಸಾಯನಿಕ ಬಣ್ಣ ಇರುತ್ತದೆ. ಒದ್ದೆ ಮಾಡಿ ಬಾನೆಟ್ ಮೇಲೆ ಹಚ್ಚಿ ನಾಲ್ಕು ದಿನ ಬಿಟ್ಟರೆ ಬಿಳಿ, ತಿಳಿ ಬಣ್ಣಗಳಲ್ಲಿ ಗುಲಾಬಿ ಕಲೆ ಉಳಿಯುತ್ತದೆ. ಮ್ಯಾಟ್‌ನಲ್ಲಿ ಅದು ಹೋಗುವುದೇ ಇಲ್ಲ ಅಂದುಕೊಳ್ಳಿ. ಗಂಧ, ಅರಿಶಿನ, ಕುಂಕುಮ ಎಲ್ಲ ಗಾಜಿನ ಮೇಲೆ ಹಚ್ಚಿ. ಗಾಜಿಗೆ ಏನೂ ಆಗುವುದಿಲ್ಲ. ಹಾರಕ್ಕೆ ತಂತಿ ಬೇಡ, ಬಾಳೆ ನಾರು ಅಥವಾ ಹತ್ತಿ ದಾರ ಕಟ್ಟಿ. ಬಣ್ಣದ ಮೇಲೆ ಟೇಪ್ ಅಂಟಿಸಬೇಡಿ. ಕುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುವುದನ್ನು ಕಾರಿನಿಂದ ಹತ್ತು ಹೆಜ್ಜೆ ದೂರದಲ್ಲಿ ಮಾಡಿ.

ಮಿಲಿಟರಿ ಹಸಿರು ಹಾಕಿಸಬಹುದಾ?

ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಲ್ಲಿ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಅಂತ ಇದೆ. ಗಿಳಿ ಹಸಿರು, ಕಡು ಹಸಿರು, ಪಾಚಿ ಹಸಿರಿನ ಕಂಪನಿ ಬಣ್ಣಗಳಿಗೆ ತೊಂದರೆಯಿಲ್ಲ. ಹಳೆಯ ಜೀಪಿಗೆ ಹಾಕಿಸಿದ್ದಾರಲ್ಲ ಅಂತ ತೋರಿಸಬೇಡಿ. ಅವರದೂ ತಪ್ಪೇ.

ಈಗ ಬಿಳಿ ಕಾರು ತಗೊಂಡು ಆಮೇಲೆ ಬೇರೆ ಬಣ್ಣ ಹಾಕಿಸಿದರೆ ಕಡಿಮೆಗೆ ಆಗುತ್ತದಲ್ಲ?

ಇದರ ಮೇಲೆ ನನಗೆ ಗಟ್ಟಿ ಅಭಿಪ್ರಾಯ ಇದೆ. ನನಗೇ ಕೆಲಸ ಸಿಗುವ ವಿಷಯವಾದರೂ ಹೇಳುತ್ತೇನೆ, ಹೊಸ ಕಾರಿಗೆ ಇದನ್ನು ಮಾಡಬೇಡಿ. ಕಾರ್ಖಾನೆಯಲ್ಲಿ ಸೀಟು, ಗಾಜು, ವೈರು ಏನೂ ಇಲ್ಲದ ಬರೀ ಮೈಗೆ ಬಣ್ಣ ಹೊಡೆದು, ಬಿಸಿ ಒಲೆಯಲ್ಲಿ ಗಟ್ಟಿ ಮಾಡುತ್ತಾರೆ. ಬಣ್ಣ ಹೊಡೆಯುವ ನಮ್ಮ ಬೂತಿನಲ್ಲಿ ಆ ಬಿಸಿ ಕೊಡಲು ಆಗುವುದಿಲ್ಲ, ಪ್ಲಾಸ್ಟಿಕ್ ಕರಗುತ್ತದೆ. ಬಾಗಿಲ ಒಳಭಾಗ, ಎಂಜಿನ್ ಜಾಗ, ಡಿಕ್ಕಿಯ ಅಂಚು ಎಲ್ಲ ಹಳೆಯ ಬಣ್ಣವೇ ಉಳಿಯುತ್ತದೆ. ಎಲ್ಲ ಬಿಚ್ಚಿ ಹೊಡೆದರೆ ಖರ್ಚು ಉಳಿಯುವುದಿಲ್ಲ.

ಕಾನೂನಿನ ಕಡೆ: ಆರ್‌ಸಿಯಲ್ಲಿ ಬಣ್ಣ ಬರೆದಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವ ಹಾಗಿಲ್ಲ. ಮೊದಲು ಆರ್‌ಟಿಓದಲ್ಲಿ ಅರ್ಜಿ ಹಾಕಿ ಒಪ್ಪಿಗೆ ಪಡೆದು, ಬಣ್ಣ ಹಾಕಿಸಿ, ಗಾಡಿ ತೋರಿಸಿ ಆರ್‌ಸಿ ತಿದ್ದಿಸಬೇಕು. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು. ವಿಮೆಯವರಿಗೂ ತಿಳಿಸಬೇಕು. ರ‍್ಯಾಪ್ ಸ್ಟಿಕ್ಕರ್ ಹಾಕಿ ಇಡೀ ಕಾರಿನ ಬಣ್ಣ ಬದಲಿಸಿದರೂ ಇದೇ ದಾರಿ. ನನ್ನ ಪರಿಚಯದವರೊಬ್ಬರು ಬೇರೆ ಊರಿನಲ್ಲಿ ಸುಮ್ನೆ ನೇರಳೆ ರ‍್ಯಾಪ್ ಹಾಕಿಸಿಕೊಂಡು ಬಂದರು. ಹಾಕಿದವರು ಕಾಗದದ ವಿಷಯ ಏನೂ ಹೇಳಿರಲಿಲ್ಲ. ಎರಡನೇ ಚೆಕ್‌ಪೋಸ್ಟಿನಲ್ಲೇ ಆರ್‌ಸಿ ಬಣ್ಣ ಬೇರೆ ಅಂತ ನಿಲ್ಲಿಸಿದರು. ಕೊನೆಗೆ ಕಿತ್ತು ತೆಗೆಸಿದ್ದು ನಮ್ಮಲ್ಲೇ. ಅಂಚು ಕತ್ತರಿಸುವಾಗ ಬ್ಲೇಡು ತಗುಲಿ ಬಣ್ಣದಲ್ಲಿ ಗೆರೆ ಬಿದ್ದಿತ್ತು. ಹೊಸ ಕಾರು. ನೋಡಿ ನನಗೇ ಹೊಟ್ಟೆ ಉರಿಯಿತು.

ಪಿಪಿಎಫ್ ಬೇಕಾ, ಸೆರಾಮಿಕ್ ಸಾಕಾ?

ಎರಡರ ಕೆಲಸ ಬೇರೆ. ಪಿಪಿಎಫ್ ಪಾರದರ್ಶಕ ಪಾಲಿಯುರಿಥೇನ್ ಹಾಳೆ, 150ರಿಂದ 200 ಮೈಕ್ರಾನ್ ದಪ್ಪ. ಕಲ್ಲೇಟು ತಡೆಯುತ್ತದೆ. ಸೆರಾಮಿಕ್ ತೆಳುವಾದ ಲೇಪ. ನೀರು, ಮಣ್ಣು ಜಾರಿಹೋಗುತ್ತವೆ, ತೊಳೆಯುವುದು ಸುಲಭ. ಕಲ್ಲು ತಡೆಯುವುದಿಲ್ಲ. ಆರ್ಡರ್ ಮೇಲೆ ತರಿಸಿದ ಬಣ್ಣಕ್ಕೆ ಕೊನೇ ಪಕ್ಷ ಮುಂದಿನ ಬಂಪರ್, ಬಾನೆಟ್, ಕನ್ನಡಿ, ಹಿಂದಿನ ಚಕ್ರದ ಮುಂದಿನ ಭಾಗಕ್ಕೆ ಪಿಪಿಎಫ್ ಹಾಕಿಸಿ. ನಮ್ಮ ರಸ್ತೆಯ ಜಲ್ಲಿ ಬಡಿಯುವುದು ಅಲ್ಲೇ.

ಗೀರು ಬಿದ್ದರೆ ಅದೇ ಬಣ್ಣ ಇಲ್ಲಿ ಸಿಗುತ್ತದಾ?

ಬಣ್ಣದ ಕೋಡ್ ಇದ್ದರೆ ಮಿಕ್ಸ್ ಮಾಡಿಸಬಹುದು. ಅದು ಸಾಮಾನ್ಯವಾಗಿ ಬಾಗಿಲ ಚೌಕಟ್ಟಿನ ಹತ್ತಿರದ ಸ್ಟಿಕ್ಕರಿನಲ್ಲಿ ಇರುತ್ತದೆ. ಮೊದಲ ದಿನವೇ ಫೋಟೋ ತೆಗೆದು ಇಟ್ಟುಕೊಳ್ಳಿ. ಕೋಡ್ ಒಂದೇ ಆದರೂ ಕಾರಿನ ವಯಸ್ಸಿಗೆ ತಕ್ಕಂತೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಹಾಗಾಗಿ ಬಣ್ಣ ಅಳೆಯುವ ಯಂತ್ರ ಇರುವ ಕಡೆ ಮಾಡಿಸಿ. ಮೆಟಾಲಿಕ್ ಆದರೆ ಪಕ್ಕದ ಬಾಗಿಲಿಗೂ ಬಣ್ಣ ಹರಡಿ ಬೆರೆಸಬೇಕು. ಒಂದು ತುಂಡಷ್ಟೇ ಹೊಡೆದರೆ ಗೊತ್ತಾಗುತ್ತದೆ. ಕಾರು ಬಂದಾಗಲೇ ಒಂದು ಟಚ್‌ಅಪ್ ಶೀಶೆ ಕೇಳಿ ಪಡೆಯಿರಿ. ಕಾಳಿನಷ್ಟು ಚಿಕ್ಕ ಕಲ್ಲೇಟಿಗೆ ಅದೇ ಸಾಕು.

ಮಾರುವಾಗ ಬೆಲೆ ಕಡಿಮೆಯಾಗುತ್ತದಾ?

ಮನೆಯ ಮಾಮೂಲಿ ಕಾರಿಗೆ ಹೌದು, ಬಿಳಿಯೇ ಬೇಗ ಹೋಗುತ್ತದೆ. ಸ್ಪೋರ್ಟ್ಸ್ ಕಾರಿನ ಲೆಕ್ಕ ಬೇರೆ. ಕೇಳುವವರು ಕಡಿಮೆ, ಆದರೆ ಅವರು ಬಣ್ಣಕ್ಕಾಗಿಯೇ ಬರುತ್ತಾರೆ. ನಮ್ಮೂರಿನಲ್ಲಿ ಗಿರಾಕಿ ಸಿಗದಿರಬಹುದು. ಬೆಂಗಳೂರು, ಕೊಚ್ಚಿಯಲ್ಲಿ ಹುಡುಕಬೇಕಾಗುತ್ತದೆ, ಕೆಲವು ತಿಂಗಳು ಕಾಯಬೇಕಾಗುತ್ತದೆ. ಕಂಪನಿಯೇ ಹೊಡೆದ ಬಣ್ಣ ಅನ್ನುವ ಬಿಲ್ಲು ಜೋಪಾನವಾಗಿಡಿ, ಆ ಕಾಗದಕ್ಕೆ ಬೆಲೆ ಇದೆ. ಎರಡು ಮೂರು ವರ್ಷದಲ್ಲಿ ಮಾರುವ ಯೋಚನೆ ಇದ್ದರೆ ಮಾತ್ರ ಸಾಮಾನ್ಯ ಬಣ್ಣಕ್ಕೆ ಹೋಗಿ.

ಮನೆಯಲ್ಲಿ ಹಿರಿಯರು ಒಪ್ಪುತ್ತಿಲ್ಲ. ಏನು ಮಾಡಲಿ?

ಕಪ್ಪು, ಕಡು ನೀಲಿ ಶನಿಯ ಬಣ್ಣ ಬೇಡ ಅನ್ನುವವರು ತುಂಬ ಮನೆಗಳಲ್ಲಿದ್ದಾರೆ. ಅವರ ಜೊತೆ ವಾದ ಬೇಡ. ಸ್ಯಾಂಪಲ್ ತಗಡನ್ನು ಮನೆಗೆ ತಂದು ಅವರ ಕೈಗೆ ಕೊಡಿ. ಬಣ್ಣದ ಇಂಗ್ಲಿಷ್ ಹೆಸರು ಹೇಳಬೇಡಿ. ನೇರಳೆ ಹಣ್ಣು, ಅರಿಶಿನ, ಕಾಫಿ ಹಣ್ಣು, ಚಿಗುರೆಲೆ ಅಂತ ಹೇಳಿ. ಒಂದು ಮನೆಯಲ್ಲಿ ಅಜ್ಜಿಗೆ ಹಸಿರು ಕಾರು ಅಂದಾಗ ಮುಖ ಸಿಂಡರಿಸಿದ್ದರು. ತಗಡು ನೋಡಿ "ಇದು ವೀಳ್ಯದೆಲೆ ಬಣ್ಣ ಅಲ್ವಾ, ಶುಭವೇ" ಅಂದರಂತೆ. ಆ ಕಾರು ಈಗಲೂ ನಮ್ಮಲ್ಲಿಗೆ ಸರ್ವಿಸ್ ವಾಶ್‌ಗೆ ಬರುತ್ತದೆ.

ಕಾರು ಕೈಗೆ ಬರುವ ದಿನ ಏನು ನೋಡಬೇಕು?

ಹಗಲಿನಲ್ಲೇ ತೆಗೆದುಕೊಳ್ಳಿ. ಮುಹೂರ್ತ ಸಂಜೆಗಿದ್ದರೆ ಹಿಂದಿನ ದಿನ ಹೋಗಿ ನೋಡಿ ಬನ್ನಿ. ಕಾರನ್ನು ಹೊರಗೆ ತರಿಸಿ, ತೊಳೆದು ಒರೆಸಿದ ಮೇಲೆ ಸುತ್ತ ನಡೆಯಿರಿ. ಬಂಪರ್ ಮತ್ತು ಬಾಗಿಲಿನ ಬಣ್ಣ ಹೋಲಿಸಿ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಮೆಟಾಲಿಕ್‌ನಲ್ಲಿ ಕೂದಲೆಳೆಯ ವ್ಯತ್ಯಾಸ ಇರಬಹುದು. ದೂರದಿಂದಲೇ ಗೊತ್ತಾಗುವಷ್ಟು ಇದ್ದರೆ ಕೇಳಿ. ಬಣ್ಣದ ದಪ್ಪ ಅಳೆಯುವ ಮೀಟರ್ ಇರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಎಲ್ಲ ಕಡೆ 120 ಮೈಕ್ರಾನ್ ಇದ್ದು ಒಂದು ಬಾಗಿಲಲ್ಲಿ ಮಾತ್ರ 250 ಬಂದರೆ ಸಾಗಿಸುವಾಗ ಪೆಟ್ಟಾಗಿ ಮತ್ತೆ ಹೊಡೆದಿರಬಹುದು. ಬಿಲ್ಲಿನಲ್ಲಿ ಬಣ್ಣದ ಹೆಸರು, ಕೋಡ್ ಸರಿಯಾಗಿದೆಯಾ ನೋಡಿ. ಕೆಎ 18 ನಂಬರ್ ಬಂದು ಆರ್‌ಸಿ ಕೈಗೆ ಸಿಕ್ಕಾಗ ಅದರಲ್ಲೂ ಬಣ್ಣ ಓದಿ ನೋಡಿ. ತಪ್ಪಿದ್ದರೆ ಆ ವಾರವೇ ತಿದ್ದಿಸಿ. ಮತ್ತೆ ಶೋರೂಮಿನಲ್ಲಿ ಪಾಲಿಶ್ ಮಾಡಿಕೊಡುತ್ತೇವೆ ಅಂದರೆ ಬೇಡ ಅನ್ನಿ, ಬರೀ ತೊಳೆದು ಕೊಡಲಿ.